ಆಷಾಢದ ಮರಿಗಳು

ನಮ್ಮ ಮನೆಯಲ್ಲಿ ಕುರಿ ಯಾವಾಗ ಈಯಬೇಕು ಎಂಬುದನ್ನು ಕುರಿ ನಿರ್ಧರಿಸುವುದಿಲ್ಲ, ಟಗರೂ ನಿರ್ಧರಿಸುವುದಿಲ್ಲ, ಒಂದು ಗೋಣಿತಟ್ಟು ನಿರ್ಧರಿಸುತ್ತದೆ. ದೀಪಾವಳಿ ಪಾಡ್ಯದ ದಿನ ಕುರಿಗಳ ಪೂಜೆ ಮುಗಿದ ಮೇಲೆ ಟಗರಿನ ಹೊಟ್ಟೆಯ ಕೆಳಗೆ ಎರಡು ಗೇಣು ಉದ್ದದ ಗೋಣಿತಟ್ಟೊಂದನ್ನು ಅಡ್ಡಲಾಗಿ ಇಳಿಬಿಟ್ಟು, ಬೆನ್ನ ಮೇಲೆ ಹುರಿ ಎಳೆದು ಬಿಗಿಯಾಗಿ ಕಟ್ಟುತ್ತಾರೆ. ಆ ತಟ್ಟು ಹಲಗೆಯ ಹಾಗೆ ಸೆಟೆದು ನಿಂತಿರುವವರೆಗೆ ಟಗರು ಎಷ್ಟು ಹಾರಾಡಿದರೂ ಅದರ ಕೆಲಸ ಕೈಗೂಡುವುದಿಲ್ಲ. ಮತ್ತೆ ಬಿಚ್ಚುವುದು ಜ್ಯೇಷ್ಠದ ಕಾರಹುಣ್ಣಿಮೆಗೆ. ಅಲ್ಲಿಂದ ಐದು ತಿಂಗಳಿಗೆ, ಗೋವಿನಜೋಳ ಕೊಯ್ದು ಹೊಲಗಳು ಬಯಲಾಗಿ ಮೇವು ಧಾರಾಳ ಸಿಗುವ ಒಣ ದಿನಗಳಲ್ಲಿ ಮರಿಗಳು ಬರುತ್ತವೆ. ಮನುಷ್ಯರಿಗೂ ನಮ್ಮಲ್ಲಿ ಇಂಥದೇ ಒಂದು ಕಟ್ಟುಪಾಡು ಇದೆಯಲ್ಲ, ಹೊಸ ಸೊಸೆಯನ್ನು ಆಷಾಢಕ್ಕೆ ತವರಿಗೆ ಅಟ್ಟುವುದು. ನನ್ನನ್ನೂ ಅಟ್ಟಿದ್ದರು. ಟಗರಿಗೆ ಗೋಣಿತಟ್ಟು, ನನ್ನ ಗಂಡನಿಗೆ ನನ್ನ ತವರು ರಾಣೇಬೆನ್ನೂರಿನವರೆಗಿನ ದಾರಿ ಎಂದು ನಾನು ಆಗ ನಕ್ಕಿದ್ದೆ.

ನಮ್ಮ ಊರು ಮೋಟೆಬೆನ್ನೂರಿನ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ತಿರುಗಿದರೆ ಸಿಗುತ್ತದೆ. ಮನೆಯಲ್ಲಿ ಮೂವರು ಗಂಡಸರು ಮತ್ತು ನಾನು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಇಳಿಸಿ ಏರಿಸುವ ಕಡೆ ಮೇಲ್ವಿಚಾರಣೆ ನೋಡುತ್ತಾರೆ. ಸಂಜೆ ಅವರು ಅಂಗಿ ಬಿಚ್ಚಿ ಕೊಡವಿದರೆ ಮನೆಮಂದಿಯೆಲ್ಲ ಸೀನುತ್ತೇವೆ. ಕುರಿ ಮಾವನದು ಮತ್ತು ಮೈದುನನದು. ಮೈದುನ ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ನಾಲ್ಕು ಜನರ ಮುಂದೆ ನಿಂತು ಎರಡು ಮಾತಾಡು ಎಂದರೆ ಬೆವರುತ್ತಾನೆ. ಹಟ್ಟಿಯೊಳಗೆ ಬಿಟ್ಟರೆ ಅರವತ್ತು ಕುರಿಯಲ್ಲಿ ಯಾವುದು ನಿನ್ನೆ ಸರಿಯಾಗಿ ಮೆಲುಕು ಹಾಕಲಿಲ್ಲ ಎಂದು ಹೇಳುತ್ತಾನೆ.

ನಾನು ಟೇಲರ್ ಒಬ್ಬರ ಮಗಳು, ರಾಣೇಬೆನ್ನೂರಿನಲ್ಲಿ ಬಿ.ಎ. ಮುಗಿಸಿದವಳು, ಕುರಿಯನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದವಳು. ಮೊದಲ ವರ್ಷ ನಾನು ಹಟ್ಟಿಗೆ ಕಾಲಿಟ್ಟರೆ ಮಾವ, ಓದಿದಾಕಿ ಬಂದಳು ದಾರಿ ಬಿಡ್ರಿ ಎಂದು ಕುರಿಗಳಿಗೆ ಹೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿಗೇ ಕಲಿತೆ. ಜಂತಿನ ಔಷಧ ಯಾವ ತೂಕಕ್ಕೆ ಎಷ್ಟು, ಬಾಟಲಿಯ ಮೇಲಿನ ಅವಧಿ ಮುಗಿದಿದೆಯೋ ಇಲ್ಲವೋ, ಗೊರಸಿನ ಹುಣ್ಣಿಗೆ ಏನು, ಹೊಟ್ಟೆ ಉಬ್ಬರಕ್ಕೆ ಏನು ಎಲ್ಲ ಕಲಿತೆ. ಐದಾರು ವರ್ಷಗಳಾಗುವಷ್ಟರಲ್ಲಿ ಪಕ್ಕದ ಊರಿನವರು ಔಷಧ ಕೇಳಿಕೊಂಡು ಬಂದರೆ ಮಾವ ಒಳಗೆ ಕೈ ತೋರಿಸಿ ನಮ್ಮ ಸೊಸೆಯನ್ನು ಕೇಳಿ ಎನ್ನುವಂತಾಯಿತು. ನನಗೆ ಈ ಮನೆಯಲ್ಲಿ ಅಡುಗೆಮನೆಗಿಂತ ದೊಡ್ಡದೊಂದು ಜಾಗ ಸಿಕ್ಕಿದ್ದು ಹಾಗೆ. ಅದರ ಮೇಲೆ ನನಗೆ ಎಷ್ಟು ಆಸೆಯಿತ್ತು ಎಂಬುದು ಮುಂದೆ ಗೊತ್ತಾಗುತ್ತದೆ.

ಒಂದನ್ನು ಮಾತ್ರ ನಾನು ಮುಟ್ಟುವಂತಿರಲಿಲ್ಲ. ಟಗರಿನ ತಟ್ಟು. ಅದನ್ನು ಮನೆಯ ಹಿರಿಯ ಗಂಡಸೇ ಕಟ್ಟಬೇಕು, ಅವನೇ ಬಿಚ್ಚಬೇಕು, ಹೆಣ್ಣಿನ ಕೈ ಸೋಕಬಾರದು. ಯಾಕೆ ಎಂದು ಕೇಳಿದ್ದೆ. ಯಾಕೆ ಅಂದರೆ ಹಾಗೆ, ಎಂದಿದ್ದರು ಮಾವ. ಹಿಂದಿನ ವರ್ಷ ಮಾವನ ಕಣ್ಣಿಗೆ ಹಾವೇರಿಯಲ್ಲಿ ಪೊರೆಯ ಆಪರೇಶನ್ ಆಗಿ, ಒಂದು ಕಣ್ಣು ಸರಿಹೋಗಿ ಇನ್ನೊಂದು ಹಾಗೇ ಮಬ್ಬಾಗಿ ಉಳಿಯಿತು. ಆ ದೀಪಾವಳಿಗೆ ಅವರು ಮೊದಲ ಸಲ ಹುರಿಯನ್ನು ಮೈದುನನ ಕೈಗೆ ಕೊಟ್ಟರು. ಅವನು ಕಟ್ಟಿದ. ಮಾವ ಗಂಟಿನ ಮೇಲೆ ಬೆರಳಾಡಿಸಿ ಹೂಂ ಎಂದರು. ಅಷ್ಟೇ. ಅದೊಂದು ಹೂಂಕಾರಕ್ಕೆ ಮೈದುನ ಅಂದು ಎರಡು ಹೋಳಿಗೆ ಹೆಚ್ಚಿಗೆ ತಿಂದ. ಈ ವರ್ಷದ ಕಟ್ಟು ಸರಿಹೋದರೆ ಮುಂದಿನ ದೀಪಾವಳಿಗೆ ಇಡೀ ಹಿಂಡು ನಿನ್ನದೇ, ನಾನು ಕಟ್ಟೆಯ ಮೇಲೆ ಕೂರುತ್ತೇನೆ, ಎಂದು ಮಾವ ಎಲ್ಲರ ಮುಂದೆ ಹೇಳಿದ್ದರು.

ಶಿವರಾತ್ರಿಗೆ ಇನ್ನೂ ಹತ್ತು ಹನ್ನೆರಡು ದಿನ ಇತ್ತು. ಮಾವ ಕಣ್ಣು ತೋರಿಸಲು ಗಂಡನ ಜೊತೆ ಹಾವೇರಿಗೆ ಹೋಗಿದ್ದರು. ಮೈದುನ ಹರಕೆ ತೀರಿಸಲು ಕದರಮಂಡಲಗಿಯ ಆಂಜನೇಯನ ಗುಡಿಗೆ ಹೋಗಿದ್ದ. ಹಿಂಡು ಹಟ್ಟಿಯಲ್ಲೇ ಇತ್ತು, ನಾನು ನೀರು ಕುಡಿಸಿ ಮೇವು ಹಾಕುತ್ತಿದ್ದೆ. ಟಗರು ಒಂದೇ ಸಮನೆ ಹಿಂಗಾಲು ಝಾಡಿಸುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಗೋಣಿಯ ಅಂಚು ಉಜ್ಜಿ ಉಜ್ಜಿ ಹೊಟ್ಟೆಯ ಚರ್ಮ ಕೆತ್ತಿಹೋಗಿ ಹುಣ್ಣಾಗಿತ್ತು, ನೊಣ ಮುತ್ತಿದ್ದವು. ಇನ್ನೆರಡು ದಿನ ಬಿಟ್ಟರೆ ಹುಳು ಬೀಳುವುದು ಖಂಡಿತ. ಔಷಧ ನನ್ನ ಕೈಯಲ್ಲಿತ್ತು, ನೋವು ಅದರ ಮೈಯಲ್ಲಿತ್ತು, ನಡುವೆ ಹೆಣ್ಣಿನ ಕೈ ಸೋಕಬಾರದು ಎಂಬ ಮಾತೊಂದು. ನಾನು ತಟ್ಟು ಬಿಚ್ಚಿದೆ.

ಹುಣ್ಣು ತೊಳೆದು ಅರಿಷಿಣ, ಬೇವಿನ ಎಣ್ಣೆ ಹಚ್ಚಿದೆ. ಮತ್ತೆ ಅದೇ ಒರಟು ಗೋಣಿಯನ್ನು ಹಸಿ ಗಾಯದ ಮೇಲೆ ಕಟ್ಟಲು ಮನಸ್ಸಾಗಲಿಲ್ಲ. ನನ್ನದೊಂದು ಹಳೆಯ ನೂಲಿನ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಗೋಣಿಯ ಒಳಮಗ್ಗುಲಿಗೆ ಇಟ್ಟು ಹೊಲಿದೆ. ಟೇಲರ್ ಮಗಳ ಹೊಲಿಗೆ, ಚೆನ್ನಾಗಿಯೇ ಇತ್ತು. ಹುರಿಯನ್ನು ಮೈದುನ ಕಟ್ಟಿದ ಹಾಗೇ ಕಟ್ಟಿದೆ, ನೋಡಿ ನೋಡಿ ಆ ಗಂಟು ನನಗೂ ಗೊತ್ತಿತ್ತು. ಹೊರಗಿನಿಂದ ಎಲ್ಲ ಮೊದಲಿದ್ದ ಹಾಗೇ ಕಾಣುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮುಟ್ಟಿದ್ದಕ್ಕೆ ಮಾತು ಬರುತ್ತದೆ, ಹುಣ್ಣು ಮಾಯ್ದ ಮೇಲೆ ತೆಗೆದುಬಿಟ್ಟರೆ ಆಯಿತು ಎಂದುಕೊಂಡೆ. ಹನ್ನೆರಡು ದಿನಕ್ಕೆ ಮಾಯಿತು. ಯಾರೂ ಇಲ್ಲದ ಹೊತ್ತು ನೋಡಿ ಸೀರೆಯ ತುಂಡು ಹರಿದು ತೆಗೆದು, ತಟ್ಟನ್ನು ಮತ್ತೆ ಮೊದಲಿನಂತೆ ಬಿಗಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡು ಮರೆತೆ.

ಮೆತ್ತನೆಯ ಬಟ್ಟೆ ಸೇರಿದ ಗೋಣಿ ಹಲಗೆಯಂತೆ ನಿಲ್ಲುವುದಿಲ್ಲ, ಪರದೆಯಂತೆ ಅತ್ತಿತ್ತ ಸರಿಯುತ್ತದೆ. ಆ ಹನ್ನೆರಡು ದಿನಗಳಲ್ಲಿ ಒಂದು ಮಧ್ಯಾಹ್ನ ಅದು ಪೂರಾ ಒಂದು ಮಗ್ಗುಲಿಗೆ ಹೊರಳಿಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಕೈಯಿಂದ ಸರಿಮಾಡಿ, ರೊಟ್ಟಿ ಹಂಚಿನ ಮೇಲೆ ಇದೆ ಎಂದು ಒಳಗೆ ಓಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಆ ಮಧ್ಯಾಹ್ನ ನನ್ನನ್ನು ಬಿಡುವುದಿಲ್ಲ.

ಕಾರಹುಣ್ಣಿಮೆಗೆ ಮೈದುನ ತಟ್ಟು ಬಿಚ್ಚಿದ. ಅದಾದ ಎರಡು ವಾರಕ್ಕೆ ಒಂದು ಬೆಳಿಗ್ಗೆ ಅವನು ಮಾವನ ಹತ್ತಿರ ಬಂದು, ಒಂದಷ್ಟು ಕುರಿಗಳ ಕೆಚ್ಚಲು ಬಿಗಿಯುತ್ತಿವೆ ಎಂದು ಮೆಲ್ಲಗೆ ಹೇಳಿದ. ನಾನು ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂತಿದ್ದೆ. ಮಾವ ಎದ್ದು ಹಟ್ಟಿಗೆ ಹೋದರು. ಒಂದೊಂದೇ ಕುರಿಯ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಎತ್ತಿ ಎತ್ತಿ ನೋಡಿದರು. ಒಂಬತ್ತು ಕುರಿ ಗಬ್ಬ. ಹೊರಗೆ ಬಂದು ಬೆರಳಿನ ಗೆಣ್ಣುಗಳ ಮೇಲೆ ತಿಂಗಳು ಹಿಂದಕ್ಕೆ ಎಣಿಸಿದರು.

“ಶಿವರಾತ್ರಿ ಹಿಂದ ಮುಂದ ಆಗೇತಿ. ನಿನ್ನ ಗಂಟು ಜಾರೇತಿ” ಎಂದರು.

ಮೈದುನ ವಾದ ಮಾಡಲಿಲ್ಲ. ಜಾರಿರಬೇಕು ಎಂದ. ನನ್ನ ಕೈ ತೊಟ್ಟು ಮುರಿಯುವುದನ್ನು ನಿಲ್ಲಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ, ಒಳಗೆ ಹೋಗಿ ಸುಮ್ಮನೆ ಒಂದು ಚೆಂಬು ನೀರು ಕುಡಿದೆ. ಮತ್ತೆ ಹೊರಗೆ ಬಂದೆ. ಮತ್ತೆ ಒಳಗೆ ಹೋದೆ.

ಆಷಾಢದಲ್ಲಿ ಮರಿ ಎಂದರೆ ಏನು ಎಂದು ಕುರಿ ಸಾಕದವರಿಗೆ ಹೇಳಬೇಕು. ಸುತ್ತಲ ಹೊಲಗಳಲ್ಲೆಲ್ಲ ಗೋವಿನಜೋಳ ಮೊಣಕಾಲುದ್ದ ಎದ್ದಿರುತ್ತದೆ, ಹತ್ತಿ ಚಿಗುರಿರುತ್ತದೆ. ಕುರಿ ಬಾಯಿ ಹಾಕಿದರೆ ಜಗಳ. ರಸ್ತೆಯಂಚು, ಗುಡ್ಡದ ಮಗ್ಗುಲು ಬಿಟ್ಟರೆ ಮೇವಿಲ್ಲ. ತಾಯಿಗೆ ಮೇವಿಲ್ಲದಿದ್ದರೆ ಕೆಚ್ಚಲಲ್ಲಿ ಹಾಲಿಲ್ಲ. ಮೇಲಿನಿಂದ ದಿನಗಟ್ಟಲೆ ಬಿಡದ ಜಿಟಿಜಿಟಿ ಮಳೆ, ಅಡ್ಡ ಬೀಸುವ ಥಂಡಿ ಗಾಳಿ. ಹಸಿ ನೆಲದ ಮೇಲೆ ಬಿದ್ದ ಮರಿಗೆ ಮೈ ಒಣಗಿಸಿಕೊಳ್ಳಲು ಜಾಗವಿರುವುದಿಲ್ಲ.

ಆ ಸಂಜೆಯೇ ಮಾವ ತಮ್ಮ ನಿರ್ಧಾರ ಹೇಳಿದರು. ಮೇಡ್ಲೇರಿಯಲ್ಲಿ ಅತ್ತೆಯ ತಮ್ಮ ಇದ್ದಾರೆ, ಹೊಳೆದಂಡೆಯ ಊರು, ಮೇವಿಗೆ ಬರವಿಲ್ಲ, ಕುರಿ ಸಾಕಿ ಪಳಗಿದ ಕೈ. ಹಿಂಡನ್ನು ಪಾಲಿಗೆ ಅವರಿಗೆ ಕೊಡುವುದು. ಅವರು ಸಾಕುವುದು, ಹುಟ್ಟುವ ಮರಿಯಲ್ಲಿ ಅರ್ಧ ಅವರದು, ಅರ್ಧ ನಮ್ಮದು. ಈ ಮರಿಗಳು ಹುಟ್ಟಿ, ತಾಯಿಯ ಬೆನ್ನಿಗೆ ಬಿದ್ದು ಎರಡು ದಿನದ ದಾರಿ ನಡೆಯುವಷ್ಟು ಗಟ್ಟಿಯಾದ ಕೂಡಲೇ ಅವರು ಬಂದು ಹೊಡೆದುಕೊಂಡು ಹೋಗುತ್ತಾರೆ. ಮೈದುನ ಅಣ್ಣನ ಜೊತೆ ಬ್ಯಾಡಗಿಗೆ ಹೋಗಿ ಚೀಲ ಹೊರಲಿ. ಮೈದುನ ತಲೆಯಾಡಿಸಿದ. ಅಂದು ಅವನು ತಟ್ಟೆಯಲ್ಲಿ ಕೈ ತೊಳೆದು ಎದ್ದಾಗ ರೊಟ್ಟಿ ಇಟ್ಟಷ್ಟೇ ಇತ್ತು.

ನಾನು ಹೇಳಬೇಕಾಗಿತ್ತು. ಆಗಲೇ, ಅಲ್ಲೇ. ಹೇಳಿದರೆ ಏನಾಗುತ್ತದೆ ಎಂದೂ ನನಗೆ ಗೊತ್ತಿತ್ತು. ಹೆಣ್ಣಿನ ಕೈ ಸೋಕಿದ್ದಕ್ಕೇ ಹೀಗಾಯಿತು ಎಂಬ ಮಾತು ಊರಿಡೀ ಹರಡುತ್ತದೆ, ನಾನು ಮತ್ತೆ ಒಲೆಯ ಮುಂದೆ. ಗಂಡನಿಗೆ ಹೇಳಿದೆ. ಅವರು ಸೀನುತ್ತಲೇ ಕೇಳಿಸಿಕೊಂಡು, ಸುಮ್ಮನಿದ್ದುಬಿಡು ಎಂದರು. ತಮ್ಮನಿಗೆ ತಿಂಗಳ ಸಂಬಳ ಬರುತ್ತದೆ, ಮಳೆಯಲ್ಲಿ ನೆನೆಯುವುದು ತಪ್ಪುತ್ತದೆ, ಎಲ್ಲ ಒಳ್ಳೆಯದಕ್ಕೇ ಆಗುತ್ತಿದೆ ಎಂದರು. ಅವರು ಕೆಟ್ಟವರಲ್ಲ. ಮಾತು ನನಗೆ ಹಿತವಾಗಿತ್ತು, ಅದಕ್ಕೇ ಅವರ ಮೇಲೆ ಸಿಟ್ಟು ಬಂತು.

ಮೊದಲ ಕುರಿ ಈದದ್ದು ಪುನರ್ವಸು ಮಳೆಯಲ್ಲಿ, ಒಂದು ಮಧ್ಯಾಹ್ನ, ಗುಡ್ಡದ ಮಗ್ಗುಲಲ್ಲಿ. ಮೈದುನ ಮರಿಯನ್ನು ಕಂಬಳಿಯೊಳಗೆ ಎದೆಗವುಚಿಕೊಂಡು ಓಡಿಬಂದ. ಮರಿ ಒದ್ದೆ ಚಿಂದಿಯ ಹಾಗೆ ನೇತಾಡುತ್ತಿತ್ತು. ನಾನು ಮೂಗು ಬಾಯಿ ಒರೆಸಿ, ಹಿಂಗಾಲು ಹಿಡಿದು ತಲೆಕೆಳಗೆ ತೂಗಿದೆ. ಮೂಗಿನಲ್ಲಿ ಊದಿದೆ. ಹುಲ್ಲು ಸುತ್ತಿ ಪಕ್ಕೆ ಉಜ್ಜಿದೆ. ಸಗಣಿ ಕುಳ್ಳಿನ ಕೆಂಡದ ಹತ್ತಿರ ಇಟ್ಟೆವು. ಎಷ್ಟೋ ಹೊತ್ತಿನ ಮೇಲೆ ಅದು ಒಮ್ಮೆ ಸೀನಿತು. ಮೈದುನ ನನ್ನ ಮುಖ ನೋಡಿ ನಕ್ಕ. ಹದಿನೈದು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು. ನನಗೆ ಅತ್ತುಬಿಡುವ ಹಾಗಾಯಿತು, ಗಿಣ್ಣದ ಹಾಲು ಹಿಂಡಿಕೊಂಡು ಬಾ ಎಂದು ಅವನನ್ನು ಗದರಿಸಿ ಕಳಿಸಿದೆ.

ಅಲ್ಲಿಂದ ಹನ್ನೆರಡು ದಿನ, ಸರಿಯಾಗಿ ಹನ್ನೆರಡೇ ದಿನ, ಒಂದರ ಹಿಂದೆ ಒಂದು ಈದವು. ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಮನೆಗೂ ಹಟ್ಟಿಗೂ ತಿರುಗಿದೆ. ಒಂದು ಕುರಿ ತನ್ನ ಮರಿಯನ್ನು ಹತ್ತಿರ ಸೇರಿಸಲಿಲ್ಲ. ಮರಿಯ ಮೈಗೆ ಉಪ್ಪು ಸವರಿ ಎದುರಿಗೆ ಬಿಡು ಎಂದು ಮಾವ ಹೇಳಿಕೊಟ್ಟರು. ತಾಯಿ ಉಪ್ಪಿನ ಆಸೆಗೆ ನೆಕ್ಕಿ ನೆಕ್ಕಿ ಕೊನೆಗೆ ತನ್ನದೆಂದು ಒಪ್ಪಿಕೊಂಡಿತು. ಇನ್ನೊಂದಕ್ಕೆ ಹಾಲೇ ಇಳಿಯಲಿಲ್ಲ, ಅದರ ಮರಿಗೆ ನಾನು ಬಾಟಲಿಯಲ್ಲಿ ಕುಡಿಸಿದೆ. ಎರಡು ಮರಿ ಸತ್ತವು. ಒಂದು ಹುಟ್ಟುವಾಗಲೇ, ಇನ್ನೊಂದು ನಾಲ್ಕನೆಯ ದಿನ ಥಂಡಿಗೆ. ಎರಡನ್ನೂ ಮೈದುನನೇ ಜಾಲಿಯ ಬುಡದಲ್ಲಿ ಹೂಳಿದ. ಕೈ ತೊಳೆಯಲು ನಾನು ನೀರು ಹಾಕುವಾಗ ಅವನು, ನನ್ನ ಕೈಯಿಂದ ಹೋದವು ಎಂದ. ನಾನು ಚೆಂಬನ್ನು ಬಗ್ಗಿಸಿ ನೀರು ಸುರಿಯುತ್ತಲೇ ಇದ್ದೆ.

ಉಳಿದ ಏಳು ಮರಿಗಳ ಕಾಲನ್ನೇ ನಾನು ದಿನವೂ ನೋಡುತ್ತಿದ್ದೆ. ಇದರಲ್ಲಿ ನನಗೊಂದು ವಿಚಿತ್ರ ಸಂಕಟವಿತ್ತು. ಮರಿ ನಡುಗುತ್ತಾ ಮಲಗಿದ್ದರೆ ಅದರ ಪಕ್ಕ ಕೂತು ಹಾಲೂಡಿ ಬದುಕಿಸುವವಳು ನಾನೇ. ಅದೇ ಮರಿ ಎದ್ದು ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಕುಣಿದರೆ ಎದೆ ಧಸಕ್ಕೆನ್ನುವುದೂ ನನಗೇ. ಅವು ಗಟ್ಟಿಯಾದಷ್ಟೂ ಮೇಡ್ಲೇರಿ ಹತ್ತಿರ ಬರುತ್ತಿತ್ತು. ಮಾವ ಪ್ರತಿ ಮುಂಜಾನೆ ಏಳನ್ನೂ ಅಂಗಳಕ್ಕೆ ಬಿಡಿಸಿ, ಆ ತುದಿಯಿಂದ ಈ ತುದಿಗೆ ಓಡಿಸಿ ನೋಡುತ್ತಿದ್ದರು. ಒಂದು ದಿನ ಬಾಟಲಿಯ ಮರಿ ಹಿಂದೆ ಬಿದ್ದು ಮುಗ್ಗರಿಸಿತು. ಇನ್ನೊಂದು ವಾರ ಬೇಕು ಎಂದರು ಮಾವ. ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೆ ನಾಚಿಕೆಯಾಗಿ ಆ ಮರಿಗೆ ಅಂದು ಎರಡು ಸಲ ಹೆಚ್ಚಿಗೆ ಹಾಲು ಕುಡಿಸಿದೆ. ಅದರ ಹೊಟ್ಟೆ ಉಬ್ಬರಿಸಿತು. ನನ್ನಿಂದ ಯಾವುದೂ ನೆಟ್ಟಗಾಗುತ್ತಿರಲಿಲ್ಲ.

ಆ ವಾರದಲ್ಲೇ ಒಂದು ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಮೈದುನ ತಗಡಿನ ಮಾಡಿನ ಕೆಳಗೆ ಕಂಬಕ್ಕೆ ಹುರಿ ಕಟ್ಟುತ್ತಿದ್ದ. ಕಟ್ಟಿ, ಕಾಲು ಕೊಟ್ಟು ಜಗ್ಗಿ ನೋಡಿದ. ಗಂಟು ಅಲುಗಲಿಲ್ಲ. ಬಿಚ್ಚಿದ. ಮತ್ತೆ ಕಟ್ಟಿದ, ಮತ್ತೆ ಜಗ್ಗಿದ. ಗಂಟು ಜಾರದಿದ್ದದ್ದಕ್ಕೆ ಅವನ ಮುಖದಲ್ಲಿ ಸಮಾಧಾನ ಇರಲಿಲ್ಲ, ಗಾಬರಿ ಇತ್ತು. ಎರಡೂ ಅಂಗೈಗಳನ್ನು ಎತ್ತಿ ತಿರುಗಿಸಿ ನೋಡಿಕೊಂಡ. ಮರುದಿನವೂ ಅದನ್ನೇ ಮಾಡಿದ. ಅದರ ಮರುದಿನವೂ. ನಾನು ಪ್ರತಿ ದಿನ ಆ ಹೊತ್ತಿಗೆ ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಬಾಯಿಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು ಎನ್ನುತ್ತಾರಲ್ಲ, ನನ್ನ ಸ್ಥಿತಿ ಅದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಉಗುಳಲು ಬರುತ್ತಿತ್ತು. ನಾನು ಉಗುಳಲಿಲ್ಲ.

ಶ್ರಾವಣ ಹುಟ್ಟಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಒಂದು ಬೆಳಿಗ್ಗೆ ಮೇಡ್ಲೇರಿಯವರು ಬಂದರು. ಮೈದುನನಿಗೆ ಸೋದರಮಾವ, ನಗೆಚಾಟಿಕೆಯ ಮನುಷ್ಯ, ಬರುವಾಗ ನಮಗೆಂದು ಹೊಳೆದಂಡೆಯ ಬದನೆಕಾಯಿ ಹೊತ್ತು ತಂದಿದ್ದರು. ಜೊತೆಗೆ ನಡೆಯಲು ಊರಿನ ಇನ್ನೊಬ್ಬರನ್ನು ಕರೆತಂದಿದ್ದರು. ನಾನು ಚಹಾಕ್ಕೆ ಇಟ್ಟೆ. ಅಂಗಳದಲ್ಲಿ ಮೈದುನ ಹಿಂಡನ್ನು ಹೊರಗೆ ಬಿಡುತ್ತಾ ಒಂದೊಂದರ ಸ್ವಭಾವ ಹೇಳುತ್ತಿದ್ದ. ಇದು ಹಳ್ಳ ದಾಟಲು ಹೆದರುತ್ತದೆ, ಮೊದಲು ಎತ್ತಿ ದಾಟಿಸಿ. ಇದಕ್ಕೆ ಎಡಗಣ್ಣು ಕಾಣುವುದಿಲ್ಲ, ಬಲಕ್ಕೆ ನಿಂತು ಕರೆಯಿರಿ. ಇದು ಬಾಟಲಿಯ ಮರಿ, ವೈನಿಯ ದನಿ ಕೇಳಿದರೆ ಮಾತ್ರ ಕುಡಿಯುತ್ತದೆ, ನಾಲ್ಕು ದಿನ ಹಟ ಮಾಡೀತು, ಬಿಡಬೇಡಿ. ಅವನು ಅಷ್ಟು ಮಾತಾಡಿದ್ದನ್ನು ನಾನು ಅವನ ಅತ್ತಿಗೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ.

ಕೊನೆಗೆ ಟಗರು ಬಂತು. ಸೋದರಮಾವ ಅದರ ಬೆನ್ನು ತಟ್ಟಿ, ಇಂಥ ಟಗರಿಗೆ ತಟ್ಟು ಕಟ್ಟಲು ಬರದವನು ಹೆಂಡತಿ ಬಂದ ಮೇಲೆ ಪಂಚೆ ಹೇಗೆ ಕಟ್ಟುತ್ತಾನೋ ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಜೊತೆಯವರು ನಕ್ಕರು. ಮೈದುನನೂ ನಕ್ಕ. ತಾನೂ ನಗಬೇಕು ಎಂದು ತಿಳಿದು ನಕ್ಕ ನಗೆ ಅದು. ಚಹಾದ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದವಳು ಆ ನಗೆಯನ್ನು ನೋಡಿದೆ. ಇನ್ನು ತಡೆಯಲು ಆಗಲಿಲ್ಲ.

“ಗಂಟು ಜಾರಿಲ್ಲರಿ ಮಾವಾರ” ಎಂದೆ. “ತಟ್ಟು ನಾ ಬಿಚ್ಚಿದ್ದೆ.”

ಮಾವ ದನಿ ಬಂದ ಕಡೆ ಸರಿಯಾದ ಕಣ್ಣು ತಿರುಗಿಸಿದರು. ನಾನು ನಿಲ್ಲದೆ ಹೇಳಿದೆ. ಹುಣ್ಣು, ನೊಣ, ಸೀರೆಯ ತುಂಡು, ಹನ್ನೆರಡು ದಿನ ಎಲ್ಲ ಹೇಳಿದೆ. ತಟ್ಟು ಹೊರಳಿದ್ದು ಕಣ್ಣಿಗೆ ಬಿದ್ದಿತ್ತೇ ಎಂದು ಕೇಳಿದರು. ಬಿದ್ದಿತ್ತು ಎಂದೆ. ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ಅವರು ಟಗರಿನ ಹತ್ತಿರ ಹೋಗಿ ಕೂತು, ಅದರ ಹೊಟ್ಟೆಯ ಕೆಳಗೆ ಕೈ ಹಾಕಿ ತಡವಿದರು. ಕೂದಲು ಹುಟ್ಟದ ಕಲೆಯೊಂದು ಬೆರಳಿಗೆ ಸಿಕ್ಕಿರಬೇಕು.

“ಇಷ್ಟ ದೊಡ್ಡ ಹುಣ್ಣ ನನಗ ಕಾಣ್ಲಿಲ್ಲ” ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಿತ್ತು. ಆಮೇಲೆ ಎದ್ದು, ಚಹಾ ಕುಡಿದು ಊಟ ಮಾಡಿಕೊಂಡೇ ಹೋಗಬೇಕು, ಕುರಿ ಇಲ್ಲೇ ಇರುತ್ತವೆ, ಎಂದು ಸೋದರಮಾವನಿಗೆ ಹೇಳಿದರು. ಸೋದರಮಾವ ಏನು ಮಾಡಬೇಕೆಂದು ತಿಳಿಯದೆ ಬದನೆಕಾಯಿಯ ಚೀಲವನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದರು.

ಮೈದುನನಿಗೆ ಸಂತೋಷವಾಗುತ್ತದೆ ಎಂದು ನಾನು ನಂಬಿದ್ದೆ. ಇಷ್ಟು ದಿನ ಹೇಳದಿದ್ದಾಗಲೂ ಆ ಒಂದು ಗಳಿಗೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಅವನು ಕುರಿಗಳ ನಡುವಿನಿಂದ ನನ್ನ ಹತ್ತಿರ ಬಂದ.

“ನಾ ಕಂಬಕ್ಕ ಹುರಿ ಕಟ್ಟಿ ಜಗ್ಗೂದನ್ನ ನೀವು ದಿನಾ ಕಿಟಕ್ಯಾಗ ನಿಂತು ನೋಡತಿದ್ರಿ, ವೈನಿ.”

ಅವನಿಗೆ ನಾನು ಕಾಣಿಸುತ್ತಿದ್ದೆ. ಅಷ್ಟು ದಿನವೂ ಕಾಣಿಸುತ್ತಿದ್ದೆ. ತನ್ನ ಅವಮಾನಕ್ಕೆ ಮರುಗಿ ನಾನು ಹಾಗೆ ನಿಂತಿರುತ್ತೇನೆ ಎಂದು ಅವನು ತಿಳಿದಿದ್ದ. ನಾನು ತಪ್ಪಾಯಿತು ಎಂದೆ. ಅವನು ಹೂಂ ಎಂದು ಹೇಳಿ, ಹೊರಗೆ ಬಿಟ್ಟಿದ್ದ ಹಿಂಡನ್ನು ಗುಡ್ಡದ ಕಡೆ ಹೊಡೆದುಕೊಂಡು ಹೋದ.

ನನ್ನನ್ನು ಹಟ್ಟಿಯಿಂದ ಯಾರೂ ಹೊರಗೆ ಹಾಕಲಿಲ್ಲ. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಮರುದಿನ ಪಕ್ಕದ ಊರಿನವರು ಔಷಧಕ್ಕೆ ಬಂದಾಗ ಮಾವ ಎಂದಿನಂತೆ ಒಳಗೆ ಕೈ ತೋರಿಸಿದರು. ಇಷ್ಟೇ ಆಗುವುದಿದ್ದರೆ ಮೊದಲೇ ಹೇಳಬಹುದಿತ್ತಲ್ಲ ಎಂಬುದು ನನ್ನನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಏಳು ಮರಿಗಳೂ ಬೆಳೆದವು. ಸೊರಗಿಯೇ ಬೆಳೆದವು, ಆದರೂ ಬೆಳೆದವು. ಮೈದುನ ನನ್ನ ಜೊತೆ ಮಾತು ಬಿಡಲಿಲ್ಲ. ನೀರು, ಮೇವು, ಔಷಧ ಇಷ್ಟಕ್ಕೆ ಬೇಕಾದ ಮಾತು ಆಡುತ್ತಿದ್ದ.

ದೀಪಾವಳಿ ಬಂತು. ಪೂಜೆ ಮುಗಿಯಿತು. ಮಾವ ಕೊಟ್ಟ ಮಾತಿನಂತೆ ಕುರಿಕೋಲನ್ನು ಅವನ ಕೈಗಿಟ್ಟು ಕಟ್ಟೆಯ ಮೇಲೆ ಕೂತರು. ಮೈದುನ ಟಗರನ್ನು ನಿಲ್ಲಿಸಿ ತಟ್ಟು ಇಳಿಬಿಟ್ಟು ಹುರಿ ಕಟ್ಟಿದ. ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಗಂಟು ಮುಟ್ಟಿ ನೋಡಿದ. ಮತ್ತೆ ಹೋದ, ಮತ್ತೆ ಬಂದ. ಮಾವ ಕಟ್ಟೆಯ ಮೇಲಿಂದ, ಆತು ಬಿಡೋ ಎಂದರು. ಅವನು ಬಿಚ್ಚಿ ಮೊದಲಿಂದ ಕಟ್ಟಿದ. ಹಿಂದಿನ ವರ್ಷ ಒಂದೇ ಸಲಕ್ಕೆ ಕಟ್ಟಿ ಕೈ ಝಾಡಿಸಿಕೊಂಡು ಎದ್ದವನು ಅವನೇ. ಅವನ ಗಂಟು ಎಂದೂ ಜಾರಿರಲಿಲ್ಲ ಎಂದು ಈಗ ಊರಿಗೆಲ್ಲ ಗೊತ್ತು, ಅವನ ಕೈಗೆ ಮಾತ್ರ ಗೊತ್ತಿಲ್ಲ.

ಕೊನೆಗೆ ಅವನು ಹೊಸ್ತಿಲಲ್ಲಿದ್ದ ನನ್ನನ್ನು ಕರೆದ.

“ವೈನಿ, ನೀವೊಮ್ಮೆ ನೋಡ್ರಿ. ಗಟ್ಟಿ ಐತೇನ?”

ಮಾವನ ಎದುರೇ ಕರೆದ, ಮಾವ ಬೇಡ ಎನ್ನಲಿಲ್ಲ. ನಾನು ಹೋಗಿ ಟಗರಿನ ಪಕ್ಕ ಮೊಣಕಾಲೂರಿ ಹುರಿ ಹಿಡಿದು ಎಳೆದೆ. ಕಲ್ಲಿನ ಹಾಗೆ ಕೂತಿತ್ತು. ಗಟ್ಟಿ ಐತಿ ಎಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ನನ್ನ ಪಕ್ಕದಲ್ಲೇ ಬಗ್ಗಿ ತಾನೇ ಇನ್ನೊಮ್ಮೆ ಮುಟ್ಟಿ ನೋಡಿದ.